ಕುದುರೆಗಳ ಬಗ್ಗೆಯೇ ಓದಬೇಕೆಂದರೆ ಯಾವ ಪದವಿ?

ಪ್ರಶ್ನೆ (ಪ್ಲಸ್ ಟು ವಿದ್ಯಾರ್ಥಿ, ಡೆಂಕಣಿಕೋಟೆ):
ಮಾನ್ಯರೇ, ನಮ್ಮ ಮತ್ತಿಗಿರಿಯ ಜಾನುವಾರು ಫಾರಂನಲ್ಲಿ ಕಂಪನಿ ಸರಕಾರದ ಕಾಲದಲ್ಲಿ ಸೇನೆಗಾಗಿ ಕುದುರೆ ಸಾಕುತ್ತಿದ್ದರೆಂಬ ಮಾತನ್ನು ಅಜ್ಜನಿಂದ ಕೇಳುತ್ತಲೇ ಬೆಳೆದವನು ನಾನು. ಬ್ರಿಟನ್ನಿನ ಕೆಲವು ವಿಶ್ವವಿದ್ಯಾಲಯಗಳಲ್ಲಿ ಅಶ್ವವಿಜ್ಞಾನಕ್ಕೇ ಮೀಸಲಾದ ಬಿ.ಎಸ್ಸಿ. ಪದವಿ ಇದೆ. ಸಾಲ ಮಾಡಿ ಅಲ್ಲಿ ಓದಿ ಬಂದರೆ ಇಲ್ಲಿ ಕೆಲಸ ಸಿಗುವುದೇ?

ಉತ್ತರ (ಪಶುವೈದ್ಯ, ಕೃಷ್ಣಗಿರಿ):
ಆ ಪದವೀಧರರು ಕುದುರೆಯ ಆಹಾರ, ವ್ಯಾಯಾಮ, ವರ್ತನೆ, ತಳಿ ಸಂವರ್ಧನೆ ಎಲ್ಲವನ್ನೂ ಬಲ್ಲವರಾದರೂ ವೈದ್ಯರಲ್ಲ. 1984ರ ಭಾರತೀಯ ಪಶುವೈದ್ಯ ಪರಿಷತ್ತಿನ ಕಾಯ್ದೆಯಂತೆ ನೋಂದಾಯಿತ ಪಶುವೈದ್ಯರೇ ಇಲ್ಲಿ ಚಿಕಿತ್ಸೆ ನಡೆಸಬೇಕು. ಅಲ್ಲಿ ಅವರನ್ನು ಮೇವಿನ ಕಂಪನಿಗಳೂ ಪ್ರಾಣಿ ಕಲ್ಯಾಣ ಸಂಸ್ಥೆಗಳೂ ಸೇರಿಸಿಕೊಳ್ಳುತ್ತವೆ, ನಮ್ಮಲ್ಲಿ ಅಂಥ ಹುದ್ದೆಗಳು ವಿರಳ. 2012ರ ಜಾನುವಾರು ಗಣತಿಯಲ್ಲಿ ಆರು ಲಕ್ಷ ದಾಟಿದ್ದ ಕುದುರೆಗಳ ಸಂಖ್ಯೆ 2019ರಲ್ಲಿ ಸುಮಾರು 3.4 ಲಕ್ಷಕ್ಕೆ ಇಳಿದಿರುವಾಗ ಸಾಲ ಮಾಡಿ ಹೋಗಿರೆಂದು ಹೇಳಲು ನನಗೆ ಧೈರ್ಯವಿಲ್ಲ.

ಪಶುವೈದ್ಯ ಪದವಿಯಾದ ಬಿ.ವಿ.ಎಸ್ಸಿ.ಗೆ ಸೇರಿಕೊಳ್ಳಿ. ಇಂಟರ್ನ್‌ಶಿಪ್ ಒಳಗೊಂಡು ಐದೂವರೆ ವರ್ಷ. ತಮಿಳುನಾಡಿನ ರಾಜ್ಯ ಕೋಟಾಕ್ಕೆ ಪ್ಲಸ್ ಟು ಅಂಕಗಳೇ ಆಧಾರ, ಶೇ. 15ರ ಅಖಿಲ ಭಾರತ ಕೋಟಾಕ್ಕೆ ಮಾತ್ರ ನೀಟ್. ಮುಂದೆ ಎಂ.ವಿ.ಎಸ್ಸಿ.ಯಲ್ಲಿ ಶಸ್ತ್ರಚಿಕಿತ್ಸೆಯನ್ನೋ ವೈದ್ಯಶಾಸ್ತ್ರವನ್ನೋ ಆರಿಸಿಕೊಂಡು ಕುದುರೆಯತ್ತ ಹೊರಳಿದರೆ ಬೆಂಗಳೂರು, ಮೈಸೂರು, ಚೆನ್ನೈಗಳ ರೇಸ್ ಕ್ಲಬ್ಬುಗಳು, ಕುದುರೆ ತಳಿ ಬೆಳೆಸುವ ಸ್ಟಡ್ ಫಾರಂಗಳು, ಸೇನೆಯ ಪ್ರಾಣಿಗಳನ್ನು ನೋಡಿಕೊಳ್ಳುವ ರಿಮೌಂಟ್ ಅಂಡ್ ವೆಟರ್ನರಿ ಕೋರ್, ಹಿಸಾರಿನ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರ, ಇಷ್ಟು ಬಾಗಿಲುಗಳಿವೆ.

ಉತ್ತರ (ಲಾಯದ ಮೇಲ್ವಿಚಾರಕ, ಹೊಸೂರು):
ಡಾಕ್ಟರರ ಮಾತಿಗೆ ಸಣ್ಣದೊಂದು ತಕರಾರು. ಲಾಯದಲ್ಲಿ ವೈದ್ಯರಲ್ಲದವರಿಗೂ ಅನ್ನವಿದೆ: ತಿಂಗಳು ಒಂದೂವರೆ ತಿಂಗಳಿಗೊಮ್ಮೆ ಗೊರಸು ಕೆತ್ತಿ ಲಾಳ ಹೊಡೆಯುವ ಒಳ್ಳೆಯ ಕೈಗಾಗಿ ನಾವು ಕಾದು ಕುಳಿತಿರುತ್ತೇವೆ. ಆದರೆ ಅದಕ್ಕೆ ವಿದೇಶದ ಪದವಿ ಬೇಕಿಲ್ಲ.

ಕಳೆದ ತಿಂಗಳು ನಮ್ಮ ಹೆಣ್ಣು ಕುದುರೆಯೊಂದಕ್ಕೆ ಹೊಟ್ಟೆಶೂಲೆ ಬಂದು, ಕಾಲಿನಿಂದ ನೆಲ ಕೆರೆಯುತ್ತ ಮತ್ತೆ ಮತ್ತೆ ತನ್ನ ಪಕ್ಕೆಯತ್ತಲೇ ತಿರುಗಿ ನೋಡುತ್ತಿತ್ತು. ಕುದುರೆ ವಾಂತಿ ಮಾಡಲಾರದ ಪ್ರಾಣಿಯಾದ್ದರಿಂದ ಜಠರದಲ್ಲಿ ಕಟ್ಟಿಕೊಂಡದ್ದನ್ನು ಹೊರತೆಗೆಯಲು ಡಾಕ್ಟರರು ಮೂಗಿನಿಂದ ಕೊಳವೆ ಇಳಿಸಿದರು. ಆಮೇಲೆ ಪಕ್ಕೆಗೆ ಸ್ಟೆತಾಸ್ಕೋಪ್ ಇಟ್ಟು ಕರುಳು ಚಲಿಸುವ ಸದ್ದಿಗಾಗಿ ಕಾಯುವಾಗ, ಕುದುರೆ ನೋಡಿಕೊಳ್ಳುವ ನಮ್ಮ ಸಯೀಸ ಉಸಿರು ಬಿಗಿಹಿಡಿದು ನಿಂತಿದ್ದ. ಅರ್ಜಿ ಹಾಕುವ ಮೊದಲು ಇಂಥ ರಾತ್ರಿಯೊಂದನ್ನು ನೀವೂ ನೋಡಬೇಕು.

ವಿದ್ಯಾರ್ಥಿ:
ಧನ್ಯವಾದಗಳು ಸರ್. ಬೇಸಿಗೆ ರಜೆಯಲ್ಲಿ ಬರಬಹುದೇ? ನನಗೆ ಕುದುರೆ ಹತ್ತಿ ಅಭ್ಯಾಸವಿಲ್ಲ.

ಮೇಲ್ವಿಚಾರಕ:
ಬನ್ನಿ. ಬೆಳಗಿನ ಜಾವ ನಾಲ್ಕಕ್ಕೆ ಕೆಲಸ ಶುರು. ಮೊದಲ ವಾರ ಸವಾರಿಯಿಲ್ಲ, ಲದ್ದಿ ಎತ್ತುವುದಷ್ಟೇ.