ಕಂಪ್ಯೂಟರಿನ ಮುಯ್ಯಾಳು

ಕಲಬುರಗಿ ಸೂಪರ್ ಮಾರ್ಕೆಟ್ ಹತ್ರ ಸಂಜಿ ಹೊತ್ತು. ಮೂರು ಪ್ಲೇಟ್ ಸುಸಲಾ, ಮ್ಯಾಲ ಮಿರ್ಚಿ.

ಶರಣಪ್ಪ: ಗ್ರಿಡ್ ಕಂಪ್ಯೂಟಿಂಗ್ ಅಂದ್ರ ಕರೆಂಟಿನ ಗ್ರಿಡ್ ಏನು? ಹಂಗಿದ್ರ ನಡುವನ ಕೈ ಕೊಡ್ತದ ಬಿಡು.

ಖಾಜಾ: ಹೆಸರು ಅಲ್ಲಿಂದನೇ ಬಂದದ. ಪ್ಲಗ್ ಚುಚ್ಚಿದ್ರ ಕರೆಂಟ್ ಬರೂ ಹಂಗ ಲೆಕ್ಕ ಮಾಡೂ ಶಕ್ತಿನೂ ಬರ್ಬೇಕಂತ 1990ರ ದಶಕದಾಗ ಇಟ್ಟದ್ದು. ಒಂದು ದೊಡ್ಡ ಲೆಕ್ಕ ತುಂಡು ಮಾಡಿ ಬ್ಯಾರೆ ಬ್ಯಾರೆ ಕಡಿ ಇರೂ ಕಂಪ್ಯೂಟರಿಗೆ ಹಂಚೂದು, ಕೆಲಸ ಮಾತ್ರ ನಮ್ಮ ಮುಯ್ಯಾಳಿಂದು. ಇವತ್ತು ನಿನ್ನ ತೊಗರಿ ಕೊಯ್ಲಾಕ ನಾ ಬರ್ತೀನಿ, ನಾಳಿ ನನ್ನ ಹೊಲಕ್ಕ ನೀ.

ಶರಣಪ್ಪ: ನೀ ಬಂದ್ರ ಕೊಯ್ಯೂದಕಿಂತ ಬುತ್ತಿ ಬಿಚ್ಚೂದೇ ಜಾಸ್ತಿ.

ಖಾಜಾ: ಅದಕ್ಕೇ ಅಲ್ಲಿ ಯಾರನ್ನೂ ನಂಬಂಗಿಲ್ಲ. ಬೋಯಿಂಕ್ ಅಂತ ಹಿಂಗ ಕೆಲಸ ಹಂಚೂ ಸಾಫ್ಟ್‌ವೇರ್ ಅದ, ಅದರಾಗ ಒಂದೇ ತುಂಡು ಕೆಲಸ ಇಬ್ಬರ ಕಂಪ್ಯೂಟರಿಗೆ ಕಳಿಸೂ ಪದ್ಧತಿ ಅದ. ಉತ್ತರ ಹೊಂದಲಿಲ್ಲಂದ್ರ ಮೂರನೇದಕ್ಕ. ಗಡುವು ಮೀರಿತು ಅಂದ್ರೂ ಬ್ಯಾರೆಯವರ ಪಾಲು.

ಶರಣಪ್ಪ: ಹಂಗಾದ್ರ ಕಾಲೇಜ್ ಲ್ಯಾಬಿನ 30 ಪಿಸಿ ರಾತ್ರಿ ಸುಮ್ನ ಮಲಗ್ತಾವಲ್ಲ, ಅವನ್ನ ಎಬ್ಬಿಸೂದೇ. ಫುಕಟ್!

ಸುನಂದಕ್ಕ: ಫುಕಟ್ ಎಲ್ಲಿದೋ? ಒಂದೊಂದು ಪಿಸಿ 60 ವ್ಯಾಟ್ ಹೆಚ್ಚಿಗಿ ತಿಂದ್ರ, 10 ತಾಸಿಗೆ 18 ಯೂನಿಟ್. ಯೂನಿಟ್‌ಗೆ 8 ರೂಪಾಯಿ ಹಿಡಿ, ರಾತ್ರಿಗೆ 144. ಮ್ಯಾಲ ನಮ್ಮ ಮೇ ತಿಂಗಳ ಸೆಕಿ, ಎಸಿ ಬಂದ್.

ಶರಣಪ್ಪ: ಸಿಪಿಯು, ಅಂದ್ರ ಲೆಕ್ಕ ಮಾಡೂ ಚಿಪ್, ದುಡಿಯೂ ಟೈಮ್ ಸೆಟ್ಟಿಂಗಿನಾಗ ಅರ್ಧ ಮಾಡಿದ್ರಾತಲ್ಲ ಅಕ್ಕಾ.

ಸುನಂದಕ್ಕ: ಅಲ್ಲೇ ಎಡವತಾರ ಮಂದಿ. ಟೈಮ್ ಕಡಿಮಿ ಮಾಡಿದ್ರ ಕೆಲಸ ಕ್ಷಣಕ್ಕೊಮ್ಮಿ ನಿಂತು ಓಡ್ತದ, ಕಾವು ಏರಿ ಇಳಿತದ, ಫ್ಯಾನ್ ಕುಂಯ್ಯಂತದ. ಕೋರ್, ಅಂದ್ರ ಚಿಪ್ಪಿನೊಳಗ ದುಡಿಯೂ ಆಳು, ಕಡಿಮಿ ಮಾಡು. ನಾಲ್ಕಿದ್ರ ಎರಡು ಕೊಡು, ಅವು ಒಂದೇ ಸಮ ದುಡೀಲಿ. ಇನ್ನೊಂದು, ಲ್ಯಾಬಿನಾಗ ರೀಸ್ಟಾರ್ಟ್ ಮಾಡಿದ್ರ ಎಲ್ಲಾ ಅಳಿಸಿ ಮೊದಲಿನಂಗ ಮಾಡೂ ಸಾಫ್ಟ್‌ವೇರ್ ಇರ್ತದ. ಬೋಯಿಂಕ್‌ದ ಡೇಟಾ ಫೋಲ್ಡರ್ ಅದು ಮುಟ್ಟದ ಡ್ರೈವಿನಾಗ ಇಡು. ಇಲ್ಲಂದ್ರ ಕರೆಂಟ್ ಹೋಗಿ ಬಂದಾಗ ನಡುನಡುವ ಉಳಿಸಿಟ್ಟ ಲೆಕ್ಕ, ಅಂದ್ರ ಚೆಕ್‌ಪಾಯಿಂಟ್ ಸಮೇತ ರಾತ್ರಿಯ ದುಡಿಮಿ ಮಣ್ಣಪಾಲು.

ಶರಣಪ್ಪ: ಇಷ್ಟೆಲ್ಲಾ ಮಾಡಿ ಏನ್ ಸಿಕ್ತು? ಆಕಾಶದಿಂದ ಬರೂ ರೇಡಿಯೋ ಸದ್ದಿನಾಗ ಬ್ಯಾರೆ ಲೋಕದವರ ಸುಳಿವು ಹುಡುಕೂ ಸೆಟಿ ಅಟ್ ಹೋಮ್ 1999ರಾಗ ಸುರು ಆಗಿ 2020ರಾಗ ಕೆಲಸ ಹಂಚೂದೇ ನಿಲ್ಲಿಸ್ತು. ಆಕಾಶದವರು ಒಬ್ಬರೂ ಮಾತಾಡಲಿಲ್ಲ.

ಖಾಜಾ: ಅದು ಸೋತು ನಿಂತದ್ದಲ್ಲೋ. ಮಂದಿ ಕಳಿಸಿದ ಉತ್ತರದ ರಾಶಿ ಸಾಕಷ್ಟು ಬಿದ್ದಿತ್ತು, ಕೇರೂ ಕೆಲಸ ಬಾಕಿ ಇತ್ತು. ಯುರೋಪಿನ ಕಣ ಭೌತಶಾಸ್ತ್ರದ ಪ್ರಯೋಗಾಲಯ ಸರ್ನ್‌ದ ಗ್ರಿಡ್ ಈಗನೂ 40ಕ್ಕಿಂತ ಹೆಚ್ಚು ದೇಶದಾಗ ನಡದದ. ಮುಂಬೈ, ಕೋಲ್ಕತ್ತಾನೂ ಅದರಾಗ ಅವ.

ಶರಣಪ್ಪ: ಹಂಗಾದ್ರ ಎಐನೂ ಮನಿಮನಿ ಕಂಪ್ಯೂಟರಿನಾಗ ಕಲಿಸಿ ಬಿಡೋಣು!

ಸುನಂದಕ್ಕ: ತೊಗರಿ ಕೊಯ್ಯೂದು ಬ್ಯಾರೆ, ಭಜನಿ ಬ್ಯಾರೆ. ಕೊಯ್ಯೂ ಆಳು ತನ್ನ ಸಾಲು ತಾ ಹಿಡಿದು ಹೋಗ್ತಾನ. ಭಜನ್ಯಾಗ ಎಲ್ಲಾರ ತಾಳ ಕೂಡ್ಬೇಕು. ಎಐ ಕಲಿಸೂದೂ ಭಜನಿ ಹಂಗ. 700 ಕೋಟಿ ಪ್ಯಾರಾಮೀಟರಿನ, ಅಂದ್ರ ಕಲಿತದ್ದು ಕೂಡಿಟ್ಟ ಅಂಕಿಗಳ, ಮಾಡೆಲ್ ಹಿಡಿ, ಒಂದೊಂದಕ್ಕ 2 ಬೈಟ್, ಒಟ್ಟು 14 ಜಿಬಿ. ಕಲಿಸೂದ್ರ ಒಂದೊಂದು ಹೆಜ್ಜಿಗೂ ಅಷ್ಟನ್ನ ಒಬ್ಬರಿಗೊಬ್ಬರು ಕಳಿಸ್ಬೇಕಂದ್ರ, 100 ಎಂಬಿಪಿಎಸ್ ಲೈನಿನ ಮ್ಯಾಲ ಒಮ್ಮಿಗೆ ಸುಮಾರು 19 ನಿಮಿಷ.

ಶರಣಪ್ಪ: ಅಷ್ಟೊತ್ತಿಗೆ ಭಜನಿ ಮುಗಿದು ಪ್ರಸಾದನೂ ಖಾಲಿ.

ಖಾಜಾ: ಅದಕ್ಕೇ 2023ರಾಗ ಡಿಲೊಕೊ ಅಂತ ಒಂದು ದಾರಿ ತೋರಿಸ್ಯಾರ. ಕಂಪ್ಯೂಟರಿನ ಒಂದೊಂದು ಗುಂಪು 500 ಹೆಜ್ಜಿ ತಾನೇ ನಡೆದು ಒಮ್ಮಿ ಮಾತ್ರ ಸುದ್ದಿ ಮುಟ್ಟಿಸೂದು. ಗ್ರಿಡ್‌ಗೆ ಮುಂದ ಜೀವ ಅದ ಅಂದ್ರ ಇಂಥಾದ್ರಾಗೇ, ಮಾತು ಕಡಿಮಿ ಮಾಡೂದ್ರಾಗ.

ಸುನಂದಕ್ಕ: ಅದೂ ಒಂದೊಂದು ಗುಂಪಿನ ಹತ್ರ ಇಡೀ ಮಾಡೆಲ್ ಹಿಡಿಯೂ ಜಿಪಿಯು, ಅಂದ್ರ ಒಮ್ಮಿಗೆ ಸಾವಿರಾರು ಲೆಕ್ಕ ಮಾಡೂ ಚಿಪ್, ಇದ್ರ. ಲ್ಯಾಬಿನ ಹಳೇ ಪಿಸಿ ಅಲ್ಲ.

ಶರಣಪ್ಪ: ಮಾತು ಕಡಿಮಿ ಮಾಡೂದು ಈ ಖಾಜಾನ ಕೈಲಿ ಆಗೂ ಕೆಲಸ ಅಲ್ಲ. ಅದಿರ್ಲಿ, ಮಿರ್ಚಿ ಒಂದೇ ಉಳಿದದ. ಯಾರಿಗಿ?

ಸುನಂದಕ್ಕ: ಮುರಿದು ಇಬ್ಬರೂ ತಿನ್ರಿ. ಖಾರ ಹೊಂದಲಿಲ್ಲಂದ್ರ ಇನ್ನೊಂದು ಪ್ಲೇಟ್ ನನ್ನ ಕಡಿ ಕಳಸ್ರಿ.