ಹತ್ತು ಖಾನೆಗಳನ್ನೂ ತುಂಬಲೇಬೇಕೆ?

ಫ್ರೀಮಾಂಟಿನ ಅಮ್ಮ:
ಎಲ್ಲರಿಗೂ ನಮಸ್ಕಾರ. ನಮ್ಮ ಮಗಳು ಕ್ಯಾಲಿಫೋರ್ನಿಯಾದ ಸರ್ಕಾರಿ ಹೈಸ್ಕೂಲಿನಲ್ಲಿ ಹನ್ನೊಂದನೆಯ ತರಗತಿ ಓದುತ್ತಿದ್ದಾಳೆ. ಒಂಬತ್ತು ವರ್ಷಗಳಿಂದ ಭರತನಾಟ್ಯ, ಅದರ ಜೊತೆಗೆ ವಯೊಲಿನ್, ಈಜು, ಶಾಲೆಯ ಚರ್ಚಾ ತಂಡ, ಶನಿವಾರದ ಕನ್ನಡ ತರಗತಿಯಲ್ಲಿ ಚಿಕ್ಕ ಮಕ್ಕಳಿಗೆ ಅಕ್ಷರ ತಿದ್ದಿಸುವ ಕೆಲಸ. ಮುಂದಿನ ಬೇಸಿಗೆಗೆ ರಂಗಪ್ರವೇಶ ಇಟ್ಟುಕೊಳ್ಳೋಣವೆಂದು ಸಭಾಂಗಣ ಹುಡುಕುತ್ತಿರುವಾಗಲೇ, ನಾವು ದುಡ್ಡು ಕೊಟ್ಟು ಸಲಹೆ ಕೇಳಿದ ಕೌನ್ಸೆಲರ್ ಒಬ್ಬರು, ಎಲ್ಲದರಲ್ಲೂ ಚೂರುಚೂರು ಇರುವ ಮಕ್ಕಳ ಕಾಲೇಜು ಅರ್ಜಿಗಳು ಒಂದರಂತೆ ಇನ್ನೊಂದು ಕಾಣುತ್ತವೆ, ಮೂರನ್ನು ಬಿಡಿಸಿ ಒಂದನ್ನು ಹಿಡಿಸಿ ಎಂದರು. ಕೆಲವು ವರ್ಷಗಳ ಹಿಂದೆ ನಮ್ಮ ಅಕ್ಕನ ಮಗನಿಗೆ ಇದೇ ಊರಿನಲ್ಲಿ, ಹುಡುಗ ಸರ್ವತೋಮುಖವಾಗಿರಬೇಕು, ಕ್ರೀಡೆ, ಕಲೆ, ಸೇವೆ ಮೂರೂ ಕಾಣಬೇಕು ಎಂದಿದ್ದರು. ಕಾಮನ್ ಅಪ್ಲಿಕೇಶನ್‌ನಲ್ಲಿ, ಅಂದರೆ ಹಲವು ಕಾಲೇಜುಗಳಿಗೆ ಒಟ್ಟಿಗೆ ಹಾಕುವ ಒಂದೇ ಅರ್ಜಿಯಲ್ಲಿ, ಚಟುವಟಿಕೆಗಳಿಗೆ ಹತ್ತು ಖಾನೆಗಳಿವೆ, ನಮ್ಮವಳ ಬಳಿ ಐದಿವೆ. ಈಗ ಕೂಡಿಸಬೇಕೋ ಕಳೆಯಬೇಕೋ ತಿಳಿಯದೆ ಕೇಳುತ್ತಿದ್ದೇನೆ.

ಎಡಿಸನ್ನಿನ ಅಪ್ಪ:
ಮೇಡಂ, ಕೌನ್ಸೆಲರ್ ಹೇಳಿದ್ದು ಸರಿ. ನ್ಯೂಜೆರ್ಸಿಯ ಎಡಿಸನ್ ಊರಿನಲ್ಲಿ ಇಬ್ಬರು ಮಕ್ಕಳನ್ನು ಈ ದಾರಿಯಲ್ಲಿ ದಾಟಿಸಿದವನಾಗಿ ಹೇಳುತ್ತಿದ್ದೇನೆ. ನೂರು ಅರ್ಜಿಗಳಿಗೆ ಐದು ಸೀಟೂ ಸಿಗದ ಹಾರ್ವರ್ಡ್‌ನಂಥ ಕಾಲೇಜುಗಳು ಸರ್ವತೋಮುಖವಾದ ತರಗತಿಯನ್ನು ಕಟ್ಟಲು ನೋಡುತ್ತವೆಯೇ ಹೊರತು ಅದರಲ್ಲಿರುವ ಒಬ್ಬೊಬ್ಬರೂ ಸರ್ವತೋಮುಖರಾಗಿರಲಿ ಎಂದು ಬಯಸುವುದಿಲ್ಲ. ಅವರಿಗೆ ಒಬ್ಬ ಒಳ್ಳೆಯ ಒಬೋ ವಾದಕ ಬೇಕು, ಒಬ್ಬ ಗಣಿತದ ಹುಚ್ಚ ಬೇಕು, ಒಬ್ಬ ಓಟಗಾರ್ತಿ ಬೇಕು, ಮೂರನ್ನೂ ಅರೆಬರೆ ಬಲ್ಲವರು ಬೇಕಿಲ್ಲ. ಒಂದರಲ್ಲಿ ಮೊನಚಿರಬೇಕು. ಎಂಐಟಿಯ ಅರ್ಜಿಯಲ್ಲಂತೂ ಹತ್ತು ಖಾನೆಗಳಿಲ್ಲ, ನಾಲ್ಕೇ ನಾಲ್ಕು ಚಟುವಟಿಕೆಗಳನ್ನು ಬರೆಯಿರಿ ಎನ್ನುತ್ತಾರೆ. ರಂಗಪ್ರವೇಶದ ಬಗ್ಗೆ ಒಂದು ಕಹಿ ಮಾತು: ಹನ್ನೆರಡನೆಯ ತರಗತಿಗೆ ಮುಂಚಿನ ಬೇಸಿಗೆಯಲ್ಲಿ ನಮ್ಮವರ ಮನೆಗಳಿಂದ ಎಷ್ಟು ರಂಗಪ್ರವೇಶದ ಆಹ್ವಾನಪತ್ರಿಕೆಗಳು ಬರುತ್ತವೆಂದು ನಿಮಗೇ ಗೊತ್ತು. ನಮ್ಮ ಕಡೆಯ ಅರ್ಜಿಗಳನ್ನು ಓದುವವರಿಗೂ ಅದು ಗೊತ್ತಿರದೆ ಇರುತ್ತದೆಯೆ?

ಮೈಸೂರಿನ ಮೇಷ್ಟ್ರು:
ನಿವೃತ್ತ ಉಪನ್ಯಾಸಕನಾದ ನನಗೆ ಅಮೆರಿಕೆಯಲ್ಲಿ ಓದುವ ಮೊಮ್ಮಕ್ಕಳಿದ್ದಾರೆ, ಹಾಗಾಗಿ ಈ ವಿಷಯವನ್ನು ಸ್ವಲ್ಪ ಓದಿಕೊಂಡಿದ್ದೇನೆ. ಈ 'ವ್ಯಕ್ತಿತ್ವ ನೋಡಿ ಸೇರಿಸಿಕೊಳ್ಳುವ' ಪದ್ಧತಿ ಹುಟ್ಟಿದ ಬಗೆಯನ್ನು ತಿಳಿದರೆ ಅದರ ಮೇಲೆ ಗೌರವ ಉಳಿಯುವುದು ಕಷ್ಟ. ಕಳೆದ ಶತಮಾನದ ಆರಂಭದಲ್ಲಿ ಹಾರ್ವರ್ಡ್ ಬಹುಮಟ್ಟಿಗೆ ಪರೀಕ್ಷೆಯನ್ನೇ ನೆಚ್ಚಿಕೊಂಡಿತ್ತು. ಆ ಪರೀಕ್ಷೆಯಲ್ಲಿ ಯಹೂದಿ ವಲಸಿಗರ ಮಕ್ಕಳು ಮುಂದೆ ಬಂದು, 1922ರ ಹೊತ್ತಿಗೆ ಹೊಸ ವಿದ್ಯಾರ್ಥಿಗಳಲ್ಲಿ ಐವರಿಗೊಬ್ಬರಂತೆ ಕಾಣಿಸಿಕೊಂಡಾಗ, ಅಧ್ಯಕ್ಷರಾಗಿದ್ದ ಲೋವೆಲ್ ಅವರು ಈ ಸಂಖ್ಯೆಗೆ ಮಿತಿ ಹಾಕಬೇಕೆಂದರು. ಬಹಿರಂಗ ಮಿತಿಗೆ ವಿರೋಧ ಬಂದಿತು. ಆಗ ಮಿತಿಯನ್ನು ಬಿಟ್ಟು, 1926ರ ವೇಳೆಗೆ ಶೀಲ, ಸ್ವಭಾವ, ಮುಂದಾಳ್ತನ ಎಂಬ ಅಳತೆಗಳನ್ನು ತಂದು, ಅರ್ಜಿಯ ಜೊತೆ ಭಾವಚಿತ್ರವನ್ನೂ ಕೇಳತೊಡಗಿದರು. ಯಹೂದಿ ವಿದ್ಯಾರ್ಥಿಗಳ ಪ್ರಮಾಣ ತಾನಾಗಿಯೇ ಇಳಿಯಿತು. ಏಷ್ಯಾ ಮೂಲದವರಿಗೆ ಭೇದ ಮಾಡುತ್ತಾರೆಂದು ಹೂಡಿದ ಮೊಕದ್ದಮೆಯಲ್ಲಿ, 2018ರಲ್ಲಿ ಬಾಸ್ಟನ್ ನ್ಯಾಯಾಲಯದಲ್ಲಿ ಅದೇ ಹಾರ್ವರ್ಡ್‌ನ ಕಡತಗಳು ಹೊರಬಂದಾಗ, ಏಷ್ಯಾ ಮೂಲದ ಮಕ್ಕಳಿಗೆ ಓದಿನಲ್ಲಿ ಒಳ್ಳೆಯ ಶ್ರೇಣಿಯೂ 'ವೈಯಕ್ತಿಕ ಗುಣ'ದಲ್ಲಿ ಸರಾಸರಿಯಾಗಿ ಕೆಳಗಿನ ಶ್ರೇಣಿಯೂ ಸಿಕ್ಕಿದ್ದು ಕಂಡಿತು. ನಮ್ಮಲ್ಲಿ ಇಂಜಿನಿಯರಿಂಗ್ ಸೀಟಿಗೆ ಪಿಯುಸಿಯ ಮೂರು ವಿಷಯಗಳ ಅಂಕ ಅರ್ಧ, ಸಿಇಟಿ ಅಂಕ ಅರ್ಧ. ಮಗು ನಗುತ್ತದೆಯೋ ಇಲ್ಲವೋ ಎಂದು ಯಾರೂ ಅಂಕ ಹಾಕುವುದಿಲ್ಲ.

ಎಡಿಸನ್ನಿನ ಅಪ್ಪ:
ಮೇಷ್ಟ್ರೇ, ಇತಿಹಾಸವನ್ನು ಒಪ್ಪುತ್ತೇನೆ. ಆದರೆ ಅದೇ ಮೊಕದ್ದಮೆಯಲ್ಲಿ 2019ರಲ್ಲಿ ಕೆಳಗಿನ ನ್ಯಾಯಾಲಯ ಹಾರ್ವರ್ಡ್ ಪರವಾಗಿ ತೀರ್ಪು ಕೊಟ್ಟಿತ್ತೆಂಬುದನ್ನೂ, 2023ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿ ಜನಾಂಗವನ್ನು ಲೆಕ್ಕಕ್ಕೆ ಹಿಡಿಯುವುದನ್ನು ನಿಲ್ಲಿಸಿದರೂ ಅಂಕದ ಜೊತೆ ಚಟುವಟಿಕೆ, ಸ್ವಭಾವಗಳನ್ನೂ ನೋಡುವ ಸಮಗ್ರ ಪರಿಶೀಲನೆಯನ್ನು ನಿಲ್ಲಿಸಲಿಲ್ಲವೆಂಬುದನ್ನೂ ಸೇರಿಸಬೇಕಿತ್ತು. ಇನ್ನು ಸಿಇಟಿಯ ಮಾತು. 1996ರಲ್ಲಿ ಅದನ್ನು ಬರೆದವನು ನಾನು. ಪಿಯುಸಿಗೆ ಸೇರಿದ ವಾರವೇ ನಮ್ಮಪ್ಪ ನನ್ನ ಕೊಳಲನ್ನು ಹಳೆಯ ಪಂಚೆಯಲ್ಲಿ ಸುತ್ತಿ ಅಟ್ಟದ ಮೇಲಿಟ್ಟರು, 'ಸೀಟು ಸಿಕ್ಕಮೇಲೆ ಇಳಿಸೋಣ' ಎಂದರು. ಸೀಟು ಸಿಕ್ಕಿತು, ಕೊಳಲು ಇಳಿಯಲಿಲ್ಲ. ನನ್ನ ಮಗಳು ಪರೀಕ್ಷೆಯ ತಿಂಗಳಲ್ಲೂ ಚೆಲ್ಲೊ ನುಡಿಸುವುದನ್ನು ನೋಡುವಾಗ, ಈ ಪದ್ಧತಿಯಲ್ಲಿ ಎಷ್ಟೇ ಹುಳುಕಿದ್ದರೂ ಇದೊಂದನ್ನು ಕೊಟ್ಟಿತಲ್ಲ ಎನ್ನಿಸುತ್ತದೆ.

ಮೈಸೂರಿನ ಮೇಷ್ಟ್ರು:
ಕೊಳಲಿನ ಮಾತು ಮನಸ್ಸಿಗೆ ನಾಟಿತು. ಅಂಥ ಅಟ್ಟಗಳಿಗೆ ನಾನೂ ಕಾರಣನಾಗಿದ್ದೇನೆ.

ಬರ್ಕ್ಲಿಯ ವಿದ್ಯಾರ್ಥಿನಿ:
ನೀವೆಲ್ಲ ಹಾರ್ವರ್ಡ್ ಬಗ್ಗೆ ಮಾತಾಡುತ್ತಿದ್ದೀರಿ, ಆದರೆ ಆಂಟಿ ಇರುವುದು ಕ್ಯಾಲಿಫೋರ್ನಿಯಾದಲ್ಲಿ. ಅವರ ಮಗಳ ಅರ್ಜಿಗಳಲ್ಲಿ ಹೆಚ್ಚಿನವು ಹೋಗುವುದು ಯುಸಿಗೆ, ಅಂದರೆ ರಾಜ್ಯದ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ ಕ್ಯಾಂಪಸ್‌ಗಳಿಗೆ. ಅಲ್ಲಿ ಕಾಮನ್ ಅಪ್ಲಿಕೇಶನ್ ನಡೆಯುವುದೇ ಇಲ್ಲ. ಅವರದೇ ಅರ್ಜಿ, ಅದರಲ್ಲಿ ಚಟುವಟಿಕೆ ಮತ್ತು ಬಹುಮಾನಗಳಿಗೆ ಇಪ್ಪತ್ತು ಜಾಗಗಳು, ಎಂಟು ಪ್ರಶ್ನೆಗಳಲ್ಲಿ ನಾಲ್ಕನ್ನು ಆರಿಸಿ ಒಂದೊಂದಕ್ಕೆ 350 ಪದಗಳೊಳಗೆ ಉತ್ತರ. ಕಾಲೇಜು ಪ್ರವೇಶಕ್ಕೆಂದು ನಡೆಯುವ ಎಸ್ಎಟಿ ಪರೀಕ್ಷೆಯ ಅಂಕವನ್ನು ನೋಡುವುದಿಲ್ಲ. ಪರಿಶೀಲನೆಗೆ ಹದಿಮೂರು ಅಂಶಗಳನ್ನು ಅವರೇ ಪ್ರಕಟಿಸಿದ್ದಾರೆ, ಅವುಗಳಲ್ಲಿ ಬಹುಪಾಲು ತರಗತಿಯೊಳಗಿನ ಓದಿಗೇ ಸೇರಿದವು: ಯಾವ ವಿಷಯಗಳನ್ನು ತೆಗೆದುಕೊಂಡೆ, ಎಷ್ಟು ಕಠಿಣವಾದುವನ್ನು ತೆಗೆದುಕೊಂಡೆ, ನಿನ್ನ ಶಾಲೆಯಲ್ಲಿ ಇದ್ದ ಅವಕಾಶಗಳಲ್ಲಿ ಎಷ್ಟನ್ನು ಬಳಸಿಕೊಂಡೆ, ಹೀಗೆ. ಜಿಪಿಎ, ಅಂದರೆ ಶ್ರೇಣಿಗಳ ಸರಾಸರಿಯನ್ನು, ಲೆಕ್ಕ ಹಾಕುವುದು ಹತ್ತು ಮತ್ತು ಹನ್ನೊಂದನೆಯ ತರಗತಿಗಳ ಶ್ರೇಣಿಗಳಿಂದ. ಹಾಗಾಗಿ ಹನ್ನೊಂದನೆಯ ತರಗತಿಯಲ್ಲಿರುವವಳಿಗೆ ಆರನೆಯ ಚಟುವಟಿಕೆಗಿಂತ ಈ ಸೆಮಿಸ್ಟರಿನ ಕೆಮಿಸ್ಟ್ರಿ ಮುಖ್ಯ. ಪಕ್ಕದ ಸ್ಯಾನ್ ಹೋಸೆ ಸ್ಟೇಟ್‌ಗೆ ಅರ್ಜಿ ಹಾಕಿದರೆ ಪ್ರಬಂಧವೂ ಬೇಕಿಲ್ಲ, ಶಿಫಾರಸು ಪತ್ರವೂ ಬೇಕಿಲ್ಲ.

ನಾನು ಸರ್ವತೋಮುಖಳೂ ಅಲ್ಲ, ಒಂದರಲ್ಲಿ ಮೊನಚಾದವಳೂ ಅಲ್ಲ. ಹೈಸ್ಕೂಲಿನಲ್ಲಿ ಸಂಜೆ ದಿನಸಿ ಅಂಗಡಿಯ ಕ್ಯಾಶ್ ಕೌಂಟರಿನಲ್ಲಿ ನಿಲ್ಲುತ್ತಿದ್ದೆ, ಆಮೇಲೆ ಎರಡು ವರ್ಷ ಕಮ್ಯುನಿಟಿ ಕಾಲೇಜಿನಲ್ಲಿ, ಅಂದರೆ ಎಲ್ಲರಿಗೂ ತೆರೆದಿರುವ ಸ್ಥಳೀಯ ಸರ್ಕಾರಿ ಕಾಲೇಜಿನಲ್ಲಿ, ಓದಿ ಇಲ್ಲಿಗೆ ವರ್ಗಾವಣೆಯಾಗಿ ಬಂದೆ. ಈ ದಾರಿಯ ಹೆಸರನ್ನು ನಮ್ಮವರ ಪಾರ್ಟಿಗಳಲ್ಲಿ ಯಾರೂ ಎತ್ತುವುದಿಲ್ಲ, ಎತ್ತಿದರೆ ಏನೋ ಕಾಯಿಲೆಯ ಸುದ್ದಿ ಹೇಳಿದ ಹಾಗೆ ದನಿ ತಗ್ಗಿಸುತ್ತಾರೆ.

ಜಯನಗರದ ತಂದೆ:
ಬೆಂಗಳೂರಿನಲ್ಲಿ ಕೂತು ಅದೇ ಅರ್ಜಿಗಳನ್ನು ತುಂಬಿಸುತ್ತಿರುವವರ ಪಾಡನ್ನೂ ಕೇಳಿ. ನನ್ನ ಮಗನನ್ನು ಕರೆದುಕೊಂಡು ಒಂದು ಸಲಹಾ ಸಂಸ್ಥೆಗೆ ಹೋಗಿದ್ದೆ. ಅವನಿಗೆ ಹಕ್ಕಿಗಳ ಹುಚ್ಚು. ಲಾಲ್‌ಬಾಗಿನ ಕೆರೆಯ ಹತ್ತಿರ ಭಾನುವಾರ ಬೆಳಿಗ್ಗೆ ಆರಕ್ಕೇ ನಿಂತು, ಕಂಡದ್ದನ್ನೆಲ್ಲ ನೋಟ್‌ಬುಕ್‌ನಲ್ಲಿ ಬರೆದುಕೊಳ್ಳುತ್ತಾನೆ. ಅದನ್ನು ಹೇಳಿದ್ದಕ್ಕೆ, ಅಲ್ಲಿದ್ದ ಹೆಣ್ಣುಮಗಳು ಬಹಳ ಸಭ್ಯವಾಗಿ, ಇದರಲ್ಲಿ 'ಇಂಪ್ಯಾಕ್ಟ್' ಇಲ್ಲ ಸರ್, ಇವನ ಹೆಸರಿನಲ್ಲಿ ಒಂದು ಎನ್‌ಜಿಒ ಶುರು ಮಾಡಿಸೋಣ, ಒಂದು ಸಂಶೋಧನಾ ಪ್ರಬಂಧ ಪ್ರಕಟಿಸೋಣ ಎಂದರು. ಹಿಂದಿನ ವರ್ಷದ ಮಕ್ಕಳ ಕಡತಗಳನ್ನು ಮಾದರಿಗೆಂದು ತೋರಿಸಿದರು. ನಾಲ್ಕು ಮಕ್ಕಳು, ನಾಲ್ಕು ಬೇರೆ ಬೇರೆ ಸೇವಾ ಸಂಸ್ಥೆಗಳು. ನಾಲ್ಕು ಫೋಟೋಗಳಲ್ಲೂ ಹಿಂದೆ ಅದೇ ನೀಲಿ ಗೋಡೆ, ಗೋಡೆಯ ಮೇಲೆ ಅದೇ ಸುಣ್ಣ ಕಿತ್ತುಹೋದ ಕಾಗುಣಿತ. ಶುಲ್ಕ ಎಷ್ಟೆಂದು ಹೇಳಿದರೆ ನನ್ನ ಹೆಂಡತಿಗೂ ಗೊತ್ತಾಗಿಬಿಡುತ್ತದೆ, ಲಕ್ಷಗಳಲ್ಲಿ ಎಂದಿಟ್ಟುಕೊಳ್ಳಿ. ಸರ್ವತೋಮುಖವಾಗಲಿ, ಮೊನಚಾಗಲಿ, ಎರಡನ್ನೂ ಅಂಗಡಿಯಲ್ಲಿ ತೂಕಕ್ಕೆ ಮಾರುತ್ತಿದ್ದಾರೆ.

ಮೈಸೂರಿನ ಮೇಷ್ಟ್ರು:
ಅಮೆರಿಕೆಯಲ್ಲಿಯೂ ಬೇರೆಯೇನಲ್ಲ. 2019ರ ಮಾರ್ಚ್‌ನಲ್ಲಿ ಬಯಲಾದ ಕಾಲೇಜು ಪ್ರವೇಶದ ಹಗರಣದಲ್ಲಿ, ಆಟವನ್ನೇ ಆಡದ ಮಕ್ಕಳನ್ನು ಆಟಗಾರರೆಂದು ತೋರಿಸಲು ಫೋಟೋಗಳನ್ನೇ ತಿದ್ದಿ, ತರಬೇತುದಾರರಿಗೆ ಲಂಚ ಕೊಟ್ಟಿದ್ದರು. ಎಂಐಟಿ 2022ರಲ್ಲಿ, ಡಾರ್ಟ್‌ಮತ್ ಮತ್ತು ಹಾರ್ವರ್ಡ್ 2024ರಲ್ಲಿ ಎಸ್ಎಟಿಯಂಥ ಪರೀಕ್ಷೆಗಳನ್ನು ಮತ್ತೆ ಕಡ್ಡಾಯ ಮಾಡಿದ್ದನ್ನು ನೋಡಿದರೆ, ಪರೀಕ್ಷೆಯನ್ನು ಹಳಿಯುವುದು ಸುಲಭ, ಬಿಟ್ಟು ಬದುಕುವುದು ಕಷ್ಟ ಎನ್ನಿಸುತ್ತದೆ. ತಮಾಷೆಯೆಂದರೆ, ಅವರು ಪರೀಕ್ಷೆಯ ಕಡೆಗೆ ಮರಳುತ್ತಿರುವಾಗ ನಮ್ಮ ಐಐಟಿ ಮದ್ರಾಸ್ ಕ್ರೀಡೆಗೂ ಲಲಿತಕಲೆಗೂ ಕೆಲವು ಹೆಚ್ಚುವರಿ ಸೀಟುಗಳನ್ನು ತೆರೆದಿದೆ. ಜೆಇಇ ಅಡ್ವಾನ್ಸ್ಡ್ ಮಾತ್ರ ಪಾಸಾಗಿರಲೇಬೇಕು.

ಎಡಿಸನ್ನಿನ ಅಪ್ಪ:
ಜಯನಗರದವರೇ, ನಿಮ್ಮ ಮಗನ ಆ ನೋಟ್‌ಬುಕ್ ಇದೆಯಲ್ಲ, ನಾನು ಮೊನಚು ಎಂದದ್ದು ಅದಕ್ಕೇ. ಎನ್‌ಜಿಒ ಬೇಡ. ಎಷ್ಟು ವರ್ಷದ ದಾಖಲೆಯಿದೆ?

ಜಯನಗರದ ತಂದೆ:
ಮೂರು ವರ್ಷದ್ದು. ಎರಡು ಪುಟಗಳ ಮೇಲೆ ಕಾಫಿ ಚೆಲ್ಲಿದವನು ನಾನೇ.

ಫ್ರೀಮಾಂಟಿನ ಅಮ್ಮ:
ಎಲ್ಲವನ್ನೂ ಮಗಳಿಗೆ ಓದಿ ಹೇಳಿದೆ. ಈಜನ್ನು ಬಿಡುತ್ತೇನೆ ಎಂದಳು, ಚರ್ಚಾ ತಂಡವನ್ನು ಬಿಡೆನು ಎಂದಳು. ರಂಗಪ್ರವೇಶವನ್ನು ಕಾಲೇಜು ಸೇರಿದ ಮೇಲೆ ಮಾಡೋಣ, ಆಗ ನಾನು ಇದನ್ನು ಯಾರಿಗೆ ಮಾಡುತ್ತಿದ್ದೇನೆಂದು ಯಾರೂ ಕೇಳುವುದಿಲ್ಲ ಎಂದಾಗ ನನಗೆ ಸ್ವಲ್ಪ ನೋವಾಯಿತು. ಕೇಳಿದ್ದವಳು ನಾನೇ ಇರಬೇಕು. ಇನ್ನೊಂದು ವಿಷಯ. ನಮ್ಮತ್ತೆ ನಮ್ಮ ಜೊತೆಗಿದ್ದಾರೆ, ಸಕ್ಕರೆ ಕಾಯಿಲೆಯಿಂದ ಕಣ್ಣು ಮಂಜಾಗಿದೆ. ನಾವಿಬ್ಬರೂ ಕೆಲಸದಿಂದ ಬರುವ ತನಕ ಅವರಿಗೆ ಇನ್ಸುಲಿನ್ ಕೊಟ್ಟು, ಫೋನಿನಲ್ಲಿ ಕನ್ನಡ ಪತ್ರಿಕೆ ಓದಿ ಹೇಳುವವಳು ಇವಳೇ. ಇದನ್ನು ಎಲ್ಲಿಯೂ ಬರೆಯಬೇಕೆಂದು ನಮಗೆ ಹೊಳೆದಿರಲಿಲ್ಲ.

ಬರ್ಕ್ಲಿಯ ವಿದ್ಯಾರ್ಥಿನಿ:
ಆಂಟಿ, ಕಾಮನ್ ಅಪ್ಲಿಕೇಶನ್‌ನ ಚಟುವಟಿಕೆಗಳ ಪಟ್ಟಿಯಲ್ಲಿ 'ಕುಟುಂಬದ ಜವಾಬ್ದಾರಿಗಳು' ಎಂಬ ವಿಭಾಗವೇ ಇದೆ, ಸಂಬಳದ ಕೆಲಸಕ್ಕೂ ಒಂದಿದೆ. ಯುಸಿಯವರೂ ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ವಾರಕ್ಕೆ ಎಷ್ಟು ಗಂಟೆ, ವರ್ಷಕ್ಕೆ ಎಷ್ಟು ವಾರ ಎಂದು ಬರೆಯಬೇಕು, ವಿವರಣೆಗೆ 150 ಅಕ್ಷರಗಳು, ಖಾಲಿ ಜಾಗವೂ ಸೇರಿ. ಮರೆಯದೆ ಬರೆಯಲು ಹೇಳಿ.

ಫ್ರೀಮಾಂಟಿನ ಅಮ್ಮ:
ಹೇಳಿದೆ. 'ಅಜ್ಜಿ ನನ್ನ ಆ್ಯಕ್ಟಿವಿಟಿ ಅಲ್ಲ' ಎಂದು ಲ್ಯಾಪ್‌ಟಾಪ್ ಮುಚ್ಚಿ ಎದ್ದುಹೋದಳು. ಅತ್ತೆಯವರು ಮಾತ್ರ ಒಳಗಿನಿಂದ, 'ಬರಿ ಮಗು, ನನ್ನ ಹೆಸರಲ್ಲಾದರೂ ಸೀಟು ಸಿಗಲಿ' ಎನ್ನುತ್ತಿದ್ದಾರೆ. ಇನ್ನೂ ತೀರ್ಮಾನವಾಗಿಲ್ಲ.