ಬಿಲ್ಲಿನಲ್ಲಿರುವ ಬೆಲೆ ಬಿಟ್ಟು ಬೇರೆ ಬೆಲೆ ಹಿಡಿಯಲು ಎಕ್ಸೈಸ್‌ನವರಿಗೆ ಹಕ್ಕಿದೆಯಾ?

ಲೆಕ್ಕದ ಹುಡುಗ:
ಎಲ್ಲರಿಗೂ ನಮಸ್ಕಾರ. ಗ್ಯಾಸ್ ತಯಾರಿಸಿ ಸಿಲಿಂಡರ್‌ಗೆ ತುಂಬಿ ಮಾರುವ ಒಂದು ಸಣ್ಣ ಕಂಪನಿಯಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತೇನೆ. ನಾನು ಸೇರಿದ್ದು ಜಿಎಸ್‌ಟಿ ಬಂದ ಮೇಲೆ. ನಿಜ ಹೇಳಬೇಕೆಂದರೆ ಅಬಕಾರಿ ಸುಂಕ ಅಂದರೆ ಹೆಂಡದ ಇಲಾಖೆಯದು ಅಂತಲೇ ಅಂದುಕೊಂಡಿದ್ದೆ, ನಗಬೇಡಿ. ಜಿಎಸ್‌ಟಿಗೆ ಮುಂಚೆ ಕಾರ್ಖಾನೆ ಮಾಲಿನ ಮೇಲೆ ಕೇಂದ್ರ ಸರ್ಕಾರ ಹಾಕುತ್ತಿದ್ದ ಎಕ್ಸೈಸ್ ಸುಂಕವೂ ಅದೇ ಅಂತ ಈಗ ಗೊತ್ತಾಯಿತು.

ಈಗ ಹಳೇ ಕಡತವೊಂದನ್ನು ನನ್ನ ಮೇಜಿನ ಮೇಲೆ ತಂದು ಹಾಕಿದ್ದಾರೆ. 2012ರ ಏಪ್ರಿಲ್‌ನಿಂದ 2014ರ ಮಾರ್ಚ್‌ವರೆಗಿನ ವ್ಯವಹಾರಕ್ಕೆ 2016ರ ಡಿಸೆಂಬರ್‌ನಲ್ಲಿ ಶೋಕಾಸ್ (ಕಾರಣ ಕೇಳುವ) ನೋಟಿಸ್ ಬಂದಿದೆ, ಕೇಸ್ ಇನ್ನೂ ಸುಂಕದ ಅಪೀಲು ಕೇಳುವ ಟ್ರಿಬ್ಯುನಲ್‌ನಲ್ಲೇ ಇದೆ. ಗ್ಯಾಸಿನ ಬೆಲೆ ಮೇಲೆ ನಾವು ಸುಂಕ ಕಟ್ಟಿದ್ದೇವೆ. ಆದರೆ ಸಿಲಿಂಡರ್ ಬಾಡಿಗೆಯನ್ನೂ, ಗಿರಾಕಿ ಜಾಗಕ್ಕೆ ತಲುಪಿಸಿದ ಲಾರಿ ಬಾಡಿಗೆಯನ್ನೂ ಸೇರಿಸಿ ಸುಂಕ ಕಟ್ಟಿ ಅಂತ ಅವರ ವಾದ. ನಮ್ಮ ಯಜಮಾನರು "ನಾನು ಬಿಲ್ಲಿನಲ್ಲಿ ಹಾಕಿದ್ದೇ ಬೆಲೆ, ಬೇರೆ ಬೆಲೆ ಹೇಳೋಕೆ ಅವರ್ಯಾರು" ಅಂತ ಕೂಗಾಡುತ್ತಿದ್ದಾರೆ. ವಕೀಲರು ಇದ್ದಾರೆ, ಆದರೆ ಅವರು ಹೇಳಿದ್ದು ನನಗೆ ಅರ್ಥ ಆಗಬೇಕಲ್ಲ. ಕೋರ್ಟುಗಳು ಈ ಬೆಲೆಯನ್ನು ಹೇಗೆ ಲೆಕ್ಕ ಹಾಕುತ್ತವೆ, ಸ್ವಲ್ಪ ಸರಳವಾಗಿ ಹೇಳುತ್ತೀರಾ?

ಚಹಾ ಬ್ರೇಕ್:
ತಲೆ ಕೆಡಿಸಿಕೊಳ್ಳಬೇಡಿ, ನೀವೇ ಗೆಲ್ಲುತ್ತೀರಿ. ಸುಪ್ರೀಂ ಕೋರ್ಟಿನ ವೋಲ್ಟಾಸ್ ತೀರ್ಪು ನೋಡಿ. ಎಕ್ಸೈಸ್ ಅಂದರೆ ತಯಾರಿಕೆ ಮೇಲಿನ ತೆರಿಗೆ, ಹಾಗಾಗಿ ತಯಾರಿಕೆ ಖರ್ಚು ಮತ್ತು ತಯಾರಿಕೆಯ ಲಾಭ ಅಷ್ಟೇ ಲೆಕ್ಕಕ್ಕೆ. ಸಿಲಿಂಡರ್ ಬಾಡಿಗೆ ತಯಾರಿಕೆ ಅಲ್ಲ, ಲಾರಿಯೂ ಅಲ್ಲ. ಮುಗೀತು.

ಹಳೇ ಕಡತ:
ಚಹಾ ಬ್ರೇಕ್ ಅವರೇ, ಅಷ್ಟು ಬೇಗ ಮುಗಿಯುವುದಿಲ್ಲ. ವೋಲ್ಟಾಸ್ ತೀರ್ಪು ಬಂದದ್ದು 1972ರಲ್ಲಿ. ಆ ಕಂಪನಿ ಬಹುಪಾಲು ಮಾಲನ್ನು ಪಟ್ಟಿ ಬೆಲೆಗೆ ನೇರವಾಗಿ ಗಿರಾಕಿಗಳಿಗೆ ಮಾರುತ್ತಿತ್ತು. ಸ್ವಲ್ಪ ಭಾಗ ಮಾತ್ರ ಸಗಟು ವ್ಯಾಪಾರಿಗಳಿಗೆ 22% ರಿಯಾಯಿತಿಯಲ್ಲಿ ಹೋಗುತ್ತಿತ್ತು. ಇಲಾಖೆ ಪಟ್ಟಿ ಬೆಲೆ ಹಿಡಿಯಿತು, ಕೋರ್ಟ್ ಸಗಟು ಬೆಲೆ ಹಿಡಿಯಿತು. ತಯಾರಿಕೆಯ ಖರ್ಚು ಮತ್ತು ಲಾಭ ಎನ್ನುವ ಮಾತು ಬಂದದ್ದು ಅಲ್ಲೇ, ನಿಜ. ಆದರೆ ಕಂಪನಿಗಳೆಲ್ಲ ಆ ಒಂದು ಸಾಲು ಹಿಡಿದುಕೊಂಡು ಜಾಹೀರಾತು ಕಳೆಯಿರಿ, ಮಾರಾಟದ ಖರ್ಚು ಕಳೆಯಿರಿ, ಸರ್ವೀಸ್ ಖರ್ಚು ಕಳೆಯಿರಿ ಅಂತ ಸಾಲುಗಟ್ಟಿ ನಿಂತವು. 1983ರಲ್ಲಿ ಬಾಂಬೆ ಟೈರ್ ಇಂಟರ್‌ನ್ಯಾಷನಲ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ಬಾಗಿಲು ಹಾಕಿತು.

ಅಲ್ಲಿ ಹೇಳಿದ್ದು ಇದು: ಯಾವುದರ ಮೇಲೆ ತೆರಿಗೆ ಎನ್ನುವುದು ಒಂದು ಪ್ರಶ್ನೆ, ಅದನ್ನು ಯಾವ ಅಳತೆಗೋಲಿನಿಂದ ಅಳೆಯುತ್ತೇವೆ ಎನ್ನುವುದು ಇನ್ನೊಂದು. ಮನೆ ಕಂದಾಯ ಮನೆಯ ಮೇಲೆ ಬೀಳುತ್ತದೆ, ಆದರೆ ಆ ಮನೆಗೆ ಎಷ್ಟು ಬಾಡಿಗೆ ಬರಬಹುದು ಅಂತ ನೋಡಿ ಲೆಕ್ಕ ಹಾಕುವುದುಂಟು. ಅಷ್ಟಕ್ಕೇ ಅದು ಬಾಡಿಗೆ ಮೇಲಿನ ತೆರಿಗೆ ಆಗಿಬಿಡುವುದಿಲ್ಲ, ಅಲ್ವಾ? ಹಾಗೆಯೇ ಎಕ್ಸೈಸ್ ಕಾಯ್ದೆಯ 3ನೇ ಸೆಕ್ಷನ್ ತಯಾರಿಕೆ ಮೇಲೆ ತೆರಿಗೆ ಹಾಕುತ್ತದೆ, 4ನೇ ಸೆಕ್ಷನ್ ಅಳತೆ ಹೇಳುತ್ತದೆ. ಮಾಲು ಕಾರ್ಖಾನೆ ಬಾಗಿಲು ದಾಟುವವರೆಗೆ ಅದರ ಬೆಲೆ ಏರಿಸಿದ ಜಾಹೀರಾತು, ಮಾರಾಟದ ಖರ್ಚು ಎಲ್ಲ ಒಳಗೆ. ಬಾಗಿಲು ದಾಟಿದ ಮೇಲಿನ ಸಾಗಣೆ, ಸಾಗಣೆಯ ವಿಮೆ ಹೊರಗೆ.

ಇನ್ನೊಂದು ಮುಖ್ಯ ಮಾತು. ತೀರ್ಪು ಓದುವ ಮೊದಲು ತಾರೀಖು ನೋಡಿ, ಏಕೆಂದರೆ 4ನೇ ಸೆಕ್ಷನ್ ಮೂರು ಅವತಾರ ಎತ್ತಿದೆ. ಮೊದಲು ಸಗಟು ನಗದು ಬೆಲೆ. 1975ರ ಅಕ್ಟೋಬರ್ 1ರಿಂದ ಸಾಮಾನ್ಯ ಬೆಲೆ, ಅಂದರೆ ಸಗಟು ವ್ಯಾಪಾರದಲ್ಲಿ ಆ ಮಾಲು ಸಾಮಾನ್ಯವಾಗಿ ಮಾರಾಟವಾಗುವ ಬೆಲೆ. 2000ದ ಜುಲೈ 1ರಿಂದ ವಹಿವಾಟು ಮೌಲ್ಯ, ಅಂದರೆ ಆ ಒಂದೊಂದು ಮಾರಾಟದಲ್ಲಿ ನಿಜವಾಗಿ ಕೊಟ್ಟ ಅಥವಾ ಕೊಡಬೇಕಾದ ಹಣ. ನಿಮ್ಮದು 2012-14, ಆದ್ದರಿಂದ ಮೂರನೆಯದು. ವೋಲ್ಟಾಸ್ ಹಿಡಿದು ಹೋದರೆ ಎದುರಿನ ವಕೀಲರು ನಗುತ್ತಾರೆ.

ಲೆಕ್ಕದ ಹುಡುಗ:
ಮನೆ ಕಂದಾಯದ ಉದಾಹರಣೆಗೆ ಥ್ಯಾಂಕ್ಸ್ ಸರ್, ಈಗ ಸ್ವಲ್ಪ ತಲೆಗೆ ಹೋಯಿತು. ಆದರೆ ಯಜಮಾನರ ಪ್ರಶ್ನೆ ಹಾಗೇ ಉಳಿಯಿತು. ಮೂರನೇ ಅವತಾರದಲ್ಲಿ ನಿಜವಾಗಿ ಕೊಟ್ಟ ಹಣ ಅಂದರೆ ಬಿಲ್ಲಿನ ಬೆಲೆಯೇ ಅಲ್ವಾ?

ಹಳೇ ಕಡತ:
ಬಹುತೇಕ ಹೌದು, ಆದರೆ ಷರತ್ತುಗಳಿವೆ. ಕೊಳ್ಳುವವರು ನಿಮಗೆ ಸಂಬಂಧಪಟ್ಟವರಾಗಿರಬಾರದು, ಮತ್ತು ಆ ಮಾರಾಟಕ್ಕೆ ಬೆಲೆಯೊಂದೇ ಪ್ರತಿಫಲ ಆಗಿರಬೇಕು, ಅಂದರೆ ಬೆಲೆ ಬಿಟ್ಟು ನಿಮಗೆ ಬೇರೇನೂ ದಕ್ಕಿರಬಾರದು. ಎರಡನೆಯದು ಎಷ್ಟು ದೂರ ಎಳೆಯಬಹುದು ಅನ್ನುವುದಕ್ಕೆ 2012ರ ಫಿಯಟ್ ತೀರ್ಪು ಓದಿ. ಫಿಯಟ್‌ನವರು ಮಾರುಕಟ್ಟೆಯೊಳಗೆ ಕಾಲಿಡಲು ಊನೋ ಕಾರನ್ನು ತಯಾರಿಕೆ ಖರ್ಚಿಗಿಂತ ಕಡಿಮೆಗೆ ಮಾರಿದರು. ಗಿರಾಕಿಯಿಂದ ಬೇರೆ ಒಂದು ಪೈಸೆಯೂ ಬಂದಿರಲಿಲ್ಲ. ಆದರೂ ಕೋರ್ಟ್, ಮಾರುಕಟ್ಟೆ ಹಿಡಿಯುವ ಆಸೆಯೇ ಇನ್ನೊಂದು ಪ್ರತಿಫಲ ಅಂದುಬಿಟ್ಟಿತು, ಬಿಲ್ಲಿನ ಬೆಲೆ ಬಿದ್ದುಹೋಯಿತು. ನನಗೇನೋ ಅದು ಸ್ವಲ್ಪ ಅತಿಯಾಯಿತು ಅನಿಸುತ್ತದೆ. ಸರ್ಕಾರಕ್ಕೂ ಹಾಗೇ ಅನಿಸಿರಬೇಕು, 2014ರ ಜುಲೈನಲ್ಲಿ ನಿಯಮ ತಿದ್ದಿ, ಬೇರೆ ಹಣ ಬಂದಿಲ್ಲದಿದ್ದರೆ ನಷ್ಟದ ಬೆಲೆಯನ್ನೂ ಒಪ್ಪುತ್ತೇವೆ ಅಂದರು.

ಹೇಗೂ ಯಜಮಾನರಿಗೆ ಇಷ್ಟು ಹೇಳಿ: ಬಿಲ್ಲಿನ ಬೆಲೆ ಆರಂಭದ ಜಾಗ, ಕೊನೆಯ ಮಾತಲ್ಲ.

ಬಣ್ಣದ ಮನೆ:
ಮಧ್ಯದಲ್ಲಿ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಮ್ಮದು ಬೇರೆಯವರ ಬಟ್ಟೆಗೆ ಬಣ್ಣ ಹಾಕಿಕೊಡುವ ಕೆಲಸ. ನಾವು ಮಾಲು ಮಾರುವುದೇ ಇಲ್ಲ, ಆಗ ಬೆಲೆ ಎಲ್ಲಿಂದ ಬರುತ್ತದೆ?

ಹಳೇ ಕಡತ:
ಅದಕ್ಕೆ ಉಜಾಗರ್ ಪ್ರಿಂಟ್ಸ್, 1989. ಕಚ್ಚಾ ಬಟ್ಟೆಯ ಬೆಲೆ, ನಿಮ್ಮ ಕೆಲಸದ ಖರ್ಚು, ನಿಮ್ಮ ಲಾಭ ಸೇರಿಸಿ. ವ್ಯಾಪಾರಿ ಆಮೇಲೆ ಅದನ್ನು ಎಷ್ಟಕ್ಕೆ ಮಾರಿದ ಅನ್ನುವುದು ನಿಮಗೆ ಬೇಡ. ಆದರೆ 2007ರ ಏಪ್ರಿಲ್‌ನಿಂದ ಜಾಬ್ ವರ್ಕ್‌ಗೆ 10ಎ ಅಂತ ಬೇರೆ ನಿಯಮ ಬಂತು, ಅದರಲ್ಲಿ ಕೆಲಸ ಕೊಟ್ಟವನ ಮಾರಾಟದ ಬೆಲೆಯನ್ನೇ ಹಿಡಿಯುತ್ತಿದ್ದರು. ಮತ್ತೆ ಅದೇ, ತಾರೀಖು ನೋಡಿ.

ಲೆಡ್ಜರ್ ಲಕ್ಷ್ಮಿ:
ನಾನು ಈ ಕೇಸುಗಳನ್ನು ನೋಡಿಕೊಳ್ಳುವ ಕಚೇರಿಯಲ್ಲಿ ಕೆಲವು ವರ್ಷ ಇದ್ದೆ. ಹಳೇ ಕಡತ ಸರ್ ಹೇಳಿದ್ದೆಲ್ಲ ಸರಿ, ಆದರೆ ಹುಡುಗ ಕೇಳಿದ್ದು ಸಿಲಿಂಡರ್ ಮತ್ತು ಲಾರಿ, ಅಲ್ಲಿಗೆ ಬರೋಣ.

ಸಿಲಿಂಡರ್ ಕಷ್ಟದ್ದು. 1988ರಲ್ಲಿ ಇಂಡಿಯನ್ ಆಕ್ಸಿಜನ್ ಕೇಸಿನಲ್ಲಿ ಸಿಲಿಂಡರ್ ಬಾಡಿಗೆ ಗ್ಯಾಸಿನ ಬೆಲೆಗೆ ಸೇರುವುದಿಲ್ಲ, ಅದು ಪಕ್ಕದ ಕಸುಬು ಅಂತ ಸುಪ್ರೀಂ ಕೋರ್ಟ್ ಹೇಳಿತ್ತು. ಆಗಿನ ಸೆಕ್ಷನ್‌ನಲ್ಲಿ, ಬಾಳಿಕೆ ಬರುವ ಮತ್ತು ಗಿರಾಕಿ ವಾಪಸ್ ಕೊಡಬೇಕಾದ ಪ್ಯಾಕಿಂಗ್‌ನ ಖರ್ಚು ಬಿಡಿ ಅಂತ ಬರೆದೇ ಇತ್ತು. 2000ದಲ್ಲಿ ಆ ಸಾಲು ಹೋಯಿತು. ಬದಲಿಗೆ, ಮಾರಾಟಕ್ಕೆ ಸಂಬಂಧಪಟ್ಟು ಗಿರಾಕಿ ನಿಮಗೆ ಯಾವಾಗ ಏನು ಕೊಟ್ಟರೂ ಸೇರಿಸಿ ಅನ್ನುವ ದೊಡ್ಡ ಬಲೆ ಬಂತು. 2018ರ ಮೇನಲ್ಲಿ ಐದು ನ್ಯಾಯಮೂರ್ತಿಗಳ ಪೀಠ ಗ್ರಾಸಿಮ್ ಕೇಸಿನಲ್ಲಿ ಕೂತಿದ್ದು ಇದೇ ತರಹದ ಜಗಳಕ್ಕೆ: ಪ್ಯಾಕಿಂಗ್ ಚಾರ್ಜ್, ಸಿಲಿಂಡರ್ ಬಾಡಿಗೆ, ರಿಪೇರಿ ಮತ್ತು ಟೆಸ್ಟಿಂಗ್ ಚಾರ್ಜ್. ಬಾಂಬೆ ಟೈರ್ ಹೇಳಿದ್ದು ಸರಿ, ಅಳತೆಗೋಲು ತಯಾರಿಕೆಯ ಖರ್ಚಿಗೇ ಅಂಟಿಕೊಂಡಿರಬೇಕಿಲ್ಲ, ಎರಡಕ್ಕೂ ನಡುವೆ ಒಪ್ಪುವಂಥ ನಂಟು ಇದ್ದರೆ ಸಾಕು ಅಂದರು. ಅಂದರೆ ಗಾಳಿ ಇಲಾಖೆ ಕಡೆಗೆ ಬೀಸುತ್ತಿದೆ. ನಿಮ್ಮ ಬಾಡಿಗೆ ನಿಜವಾಗಿ ಬೇರೆ ಒಪ್ಪಂದವೋ, ಸಿಲಿಂಡರ್ ತಂದ ಗಿರಾಕಿಗೆ ಬಾಡಿಗೆ ಇಲ್ಲದೆ ಅದೇ ಬೆಲೆಗೆ ಗ್ಯಾಸ್ ಕೊಟ್ಟಿದ್ದೀರೋ ಅಂತ ಹುಡುಕಿ. ಅಂಥ ಬಿಲ್ಲುಗಳಿದ್ದರೆ ಚಿನ್ನ.

ಹಣ ಯಾರ ಕೈ ಸೇರಿತು ಅನ್ನುವುದೂ ಮುಖ್ಯ. 2015ರ ಡಿಸೆಂಬರ್‌ನಲ್ಲಿ ಟಿವಿಎಸ್ ಮೋಟರ್ ಕೇಸು ತೀರ್ಮಾನ ಆಯಿತು, ನಮ್ಮ ಮೈಸೂರು ಕಮಿಷನರೇಟ್‌ನದೇ. ಡೀಲರ್‌ಗಳು ತಮ್ಮ ಮಾರ್ಜಿನ್‌ನಲ್ಲೇ ಗಾಡಿ ತಪಾಸಣೆ, ಉಚಿತ ಸರ್ವೀಸ್ ಮಾಡಿಕೊಟ್ಟಿದ್ದಕ್ಕೆ ಕಂಪನಿಯ ಬೆಲೆಗೆ ಏನೂ ಸೇರಿಸುವಂತಿಲ್ಲ ಅಂತಾಯಿತು. ನಿಮ್ಮ ಬಾಡಿಗೆಯಾದರೋ ನಿಮ್ಮ ಕೈಗೇ ಬಂದಿದೆ.

ಲಾರಿ ಬಾಡಿಗೆಯಲ್ಲಿ ನೀವು ಗಟ್ಟಿ. ಮಾರಾಟ ಕಾರ್ಖಾನೆ ಬಾಗಿಲಲ್ಲೇ ಮುಗಿದಿದ್ದರೆ ಮುಂದಿನ ಸಾಗಣೆ ಸೇರುವುದಿಲ್ಲ. 2015ರ ಅಕ್ಟೋಬರ್‌ನ ಇಸ್ಪಾತ್ ತೀರ್ಪು, ಗಿರಾಕಿಯ ಜಾಗ ಯಾವತ್ತೂ ಮಾಲು ಹೊರಡುವ ಸ್ಥಳ (ಸುಂಕದ ಬೆಲೆ ಎಣಿಸುವುದು ಅಲ್ಲಿಯವರೆಗೆ ಮಾತ್ರ) ಆಗಲಾರದು ಅನ್ನುತ್ತದೆ. ಆದರೆ ಅದೇ ವರ್ಷದ ಏಪ್ರಿಲ್‌ನಲ್ಲಿ ರೂಫಿಟ್ ಕೇಸು ಉಲ್ಟಾ ಹೋಗಿತ್ತು, ಅಲ್ಲಿ ಮಾಲು ಗಿರಾಕಿ ಕೈ ಸೇರುವವರೆಗೂ ಕಂಪನಿಯದೇ. ಆದ್ದರಿಂದ ಆರ್ಡರ್ ಪ್ರತಿ ತೆಗೆದು ನೋಡಿ, ದಾರಿಯಲ್ಲಿ ಲಾರಿ ಮಗುಚಿದರೆ ನಷ್ಟ ಯಾರದು ಅಂತ ಬರೆದಿದೆ?

ಚಹಾ ಬ್ರೇಕ್:
ವೋಲ್ಟಾಸ್ ವಾಪಸ್ ತಗೊಂಡೆ 🙏 ಒಂದು ಡೌಟು, ಎಲ್ಲವೂ ಸುಪ್ರೀಂ ಕೋರ್ಟೇ ಯಾಕೆ? ಹೈಕೋರ್ಟ್ ಎಲ್ಲಿ?

ಲೆಡ್ಜರ್ ಲಕ್ಷ್ಮಿ:
ಒಳ್ಳೇ ಡೌಟು. ಸುಂಕದ ದರ ಅಥವಾ ಮಾಲಿನ ಮೌಲ್ಯದ ವಿಷಯವಾದರೆ ಟ್ರಿಬ್ಯುನಲ್‌ನಿಂದ ಅಪೀಲು ನೇರ ಸುಪ್ರೀಂ ಕೋರ್ಟಿಗೆ, ಸೆಕ್ಷನ್ 35ಎಲ್. ಹೈಕೋರ್ಟಿಗೆ ಹೋಗುವುದು ಉಳಿದ ವಿಷಯಗಳು.

ಹುಡುಗನಿಗೆ ಇನ್ನೆರಡು ಮಾತು. ಒಂದು, ಸೋತರೂ ಲೆಕ್ಕ ಸರಿ ಇದೆಯಾ ನೋಡಿ. ಆಗ ದರ 12.36%. ಬಾಡಿಗೆ 1,12,360 ರೂಪಾಯಿ ಬಂದಿದ್ದರೆ ಇಲಾಖೆ ಅಷ್ಟಕ್ಕೂ ದರ ಹಾಕಿ 13,888 ಕೇಳುತ್ತದೆ. ಆದರೆ ಗಿರಾಕಿಯಿಂದ ಬೇರೆ ಸುಂಕ ವಸೂಲಿ ಮಾಡಿಲ್ಲವಾದರೆ ಬಂದ ಹಣದಲ್ಲೇ ಸುಂಕ ಸೇರಿದೆ ಅಂತ ಹಿಡಿಯಬೇಕು. 2002ರ ಮಾರುತಿ ಉದ್ಯೋಗ್ ತೀರ್ಪು ಅದನ್ನೇ ಹೇಳಿತು, 2003ರಲ್ಲಿ ಕಾಯ್ದೆಗೂ ಬರೆದರು. ಆಗ ಮೌಲ್ಯ 1,00,000, ಸುಂಕ 12,360.

ಎರಡು, ನೋಟಿಸ್ ತಡವಾಗಿ ಬಂದಿದೆ. ಮಾಮೂಲಿ ಗಡುವು ದಾಟಿ ಐದು ವರ್ಷ ಹಿಂದಕ್ಕೆ ಹೋಗಬೇಕಾದರೆ ನೀವು ಬೇಕಂತಲೇ ಮುಚ್ಚಿಟ್ಟಿರಿ ಅಂತ ಅವರು ತೋರಿಸಬೇಕು. ಸುಮ್ನೆ ಕಟ್ಟಿಲ್ಲ ಅಂದರೆ ಸಾಲದು. ಆ ಕಾಲದಲ್ಲಿ ಇಲಾಖೆಯ ಆಡಿಟ್‌ನವರು ಬಂದಿದ್ದರಾ? ಅವರೇ ಲೆಕ್ಕ ನೋಡಿದ್ದರೆ ಮುಚ್ಚಿಟ್ಟಿರಿ ಅನ್ನುವುದು ಕಷ್ಟ.

ಲೆಕ್ಕದ ಹುಡುಗ:
ಮೇಡಂ, ನಿನ್ನೆ ಇಡೀ ದಿನ ಗೋಡೌನ್‌ನಲ್ಲಿ ಧೂಳು ಕುಡಿದೆ. ಸಿಲಿಂಡರ್ ತಂದ ಗಿರಾಕಿಗಳ ಬಿಲ್ಲು ಒಂಬತ್ತು ಸಿಕ್ಕಿವೆ, ಗ್ಯಾಸಿನ ದರ ಎಲ್ಲರಿಗೂ ಒಂದೇ. ಆರ್ಡರ್‌ಗಳಲ್ಲಿ ಲಾರಿ ಹತ್ತಿಸಿದ ಮೇಲೆ ಹೊಣೆ ಗಿರಾಕಿಯದು ಅಂತಿದೆ, ಎರಡು ಬಿಟ್ಟು. ಮತ್ತೆ 2013ರ ಆಡಿಟ್ ಟಿಪ್ಪಣಿಯೂ ಸಿಕ್ಕಿತು, ಸಿಲಿಂಡರ್ ಬಾಡಿಗೆ ಲೆಡ್ಜರ್ ಪರಿಶೀಲಿಸಿದ್ದೇವೆ ಅಂತ ಅವರೇ ಬರೆದು ಸಹಿ ಹಾಕಿದ್ದಾರೆ. ವಕೀಲರಿಗೆ ಫೋಟೋ ಕಳಿಸಿದ ಐದೇ ನಿಮಿಷಕ್ಕೆ ಫೋನ್ ಬಂತು, "ಇದನ್ನು ಇಷ್ಟು ವರ್ಷ ಎಲ್ಲಿಟ್ಟಿದ್ರಿ" ಅಂತ.